ಸಾಫ್ ಎಂದವನ ಬೂಟು ಮೊದಲು

ನಾನು ನಿವೃತ್ತ, ವಯಸ್ಸು ಮೂವತ್ತಾರು. ಈಸೂರಿನ ಬಸ್ಸಿನಲ್ಲಿ ಯಾರಾದರೂ "ಏನ್ ಕೆಲ್ಸ ತಮ್ಮಾ?" ಎಂದು ಕೇಳಿದಾಗ "ರಿಟೈರ್ಡ್ ರೀ" ಎಂದುಬಿಟ್ಟರೆ, ಪಕ್ಕದಲ್ಲಿ ಕೂತ ಅಸಲಿ ನಿವೃತ್ತ ಮೇಷ್ಟ್ರು ನನ್ನ ಕಪ್ಪು ಮೀಸೆಯನ್ನು ನೋಡಿ, "ಯಾವ ಕೇಸಿನಾಗೆ ಕಿತ್ತಾಕಿದ್ರಪ್ಪಾ?" ಎನ್ನುತ್ತಾರೆ. ಕಿತ್ತು ಹಾಕಿಲ್ಲ. ಸೇನೆಯಲ್ಲಿ ಹದಿನೇಳು ವರ್ಷ ಮುಗಿಸಿ, ಹವಾಲ್ದಾರನಾಗಿ, ಮರ್ಯಾದೆಯಿಂದಲೇ ಬಂದಿದ್ದೇನೆ. ಆ ಮರ್ಯಾದೆಯಲ್ಲಿ ಒಂದು ದೊಡ್ಡ ಪಾಲು ನನ್ನದಲ್ಲ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೇನೆಯ ಭರ್ತಿಗೆಂದು ಬೆಳಗಾಗೆದ್ದು ಶಿಕಾರಿಪುರದ ಮೈದಾನದಲ್ಲಿ ನಾನು ಓಡಿಸುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ: ಎದೆ ಎಷ್ಟು ಉಬ್ಬಿಸಬೇಕು, ರಜೆ ಎಷ್ಟು ಸಿಗುತ್ತದೆ. ಕೆಲಸ ಹೇಗಿರುತ್ತದೆ ಎಂದು ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಬಡ್ತಿಯ ವಿಷಯ ಬಿಟ್ಟುಬಿಡಿ. ಸಿಕ್ಕಿದ್ದೇ ಎರಡು ಸಲ. ಎರಡು ಸಲವೂ ನನಗಿಂತ ಹೆಚ್ಚು ಆಶ್ಚರ್ಯವಾದದ್ದು ಕೊಟ್ಟವರಿಗೆ.

ನನ್ನ ಹೆಸರು ಹಾಲೇಶ. ಹುಟ್ಟಿನಿಂದ ಬಂದ ವಿದ್ಯೆ ಮಿಮಿಕ್ರಿ. ಏಳನೇ ಕ್ಲಾಸಿನಲ್ಲಿ ಹೆಡ್ಮಾಸ್ಟರ ದನಿಯಲ್ಲಿ "ಇವತ್ತು ಮಧ್ಯಾಹ್ನ ಶಾಲೆಗೆ ರಜೆ" ಎಂದು ಕಿಟಕಿಯಾಚೆಯಿಂದ ಕೂಗಿ, ಇಡೀ ಶಾಲೆ ಖಾಲಿ ಮಾಡಿಸಿದ್ದೆ. ಇಬ್ಬರು ಮೇಷ್ಟ್ರೂ ಮನೆಗೆ ಹೋಗಿದ್ದರು. ಆಮೇಲೆ ಬಿದ್ದ ಏಟಿನಿಂದ ಬುದ್ಧಿ ಕಲಿತನೆಂದು ಎಲ್ಲರೂ ಅಂದುಕೊಂಡರು. ನಾನು ಕಲಿತದ್ದು ಬೇರೆ: ದನಿ ದೊಡ್ಡವರದ್ದಾದರೆ ಜನ ಮುಖ ನೋಡಲು ಹೋಗುವುದಿಲ್ಲ.

ನಾನು ಸೇರಿದ್ದು ನೆಲದಲ್ಲಿ ಹೂತ ಮೈನುಗಳನ್ನು ತೆಗೆಯುವ ಪಡೆಗೆ. ಮೈನ್ ಎಂದರೆ ಅಂಗೈಯಗಲದ ಡಬ್ಬಿ. ಅದರ ಮೇಲೆ ಇಟ್ಟ ಕಾಲು ಆಮೇಲೆ ನಮ್ಮದಲ್ಲ. ಯಾವುದೋ ವರ್ಷ ಯುದ್ಧದ ಮಾತು ಏಳುತ್ತದೆ, ಗಡಿಯುದ್ದಕ್ಕೂ ಡಬ್ಬಿ ಹೂಳುತ್ತಾರೆ. ಮಾತು ತಣ್ಣಗಾಗುತ್ತದೆ, ಮಾತಾಡಿದವರು ಮನೆಗೆ ಹೋಗುತ್ತಾರೆ. ಡಬ್ಬಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ತಪ್ಪು ಹೇಳಿದೆ, ಹೋಗುತ್ತದೆ: ಮಳೆಗೂ ಹಿಮಕ್ಕೂ ಜಾರಿ ನಕ್ಷೆಯಲ್ಲಿಲ್ಲದ ಜಾಗಕ್ಕೆ ಹೋಗಿ ಕೂರುತ್ತದೆ. ಹುಡುಕಿ ತೆಗೆಯುವವರು ನಾವು.

ನಮ್ಮ ಉಪಕರಣದ ಫೋಟೋ ಕಂಡು ನಮ್ಮವ್ವ ನಕ್ಕಿದ್ದಳು. ಮೊಳದುದ್ದದ ಕಬ್ಬಿಣದ ಕಡ್ಡಿ, ತುದಿ ಚೂಪು, ಒಂದು ಹಿಡಿ. ಹೊಟ್ಟೆ ಮೇಲೆ ಮಲಗಬೇಕು. ಕಡ್ಡಿಯನ್ನು ಓರೆಯಾಗಿ ಮಣ್ಣಿಗೆ ತೂರಿಸಬೇಕು. ನೆಟ್ಟಗೆ ಚುಚ್ಚಿದರೆ ಡಬ್ಬಿಯ ನೆತ್ತಿಗೆ ತಾಗುತ್ತದೆ, ಓರೆಯಾದರೆ ಪಕ್ಕೆಗೆ. ನೆತ್ತಿಗೂ ಪಕ್ಕೆಗೂ ಇರುವ ವ್ಯತ್ಯಾಸ ನಿಮ್ಮ ಆಯುಷ್ಯ. ಎರಡು ಬೆರಳಿಗೊಮ್ಮೆ ಚುಚ್ಚುತ್ತಾ, ತೆವಳುತ್ತಾ, ಎರಡು ಕಡೆ ಬಿಳಿ ಪಟ್ಟಿ ಎಳೆಯುತ್ತಾ ಹೋಗಬೇಕು. ಹಾಗೆ ತೆರೆದ ದಾರಿಗೆ ಲೇನ್ ಎನ್ನುತ್ತೇವೆ. "ನಮ್ಮೂರಾಗೆ ಮಕ್ಕಳು ಏಡಿ ಹಿಡಿಯೋಕೂ ಇದಕ್ಕಿಂತ ದೊಡ್ಡ ಕಡ್ಡಿ ತಗಂಡೋಗ್ತಾವಲ್ಲೋ" ಎಂದಳು ಅವ್ವ. ಆಮೇಲೆ ಮೆಟಲ್ ಡಿಟೆಕ್ಟರುಗಳು ಬಂದವು. ಅವಕ್ಕೆ ಸಿಗದ ಪ್ಲಾಸ್ಟಿಕ್ ಡಬ್ಬಿಗಳೂ ಬಂದಿದ್ದರಿಂದ ಡಿಟೆಕ್ಟರುಗಳು ಮೊಳೆ, ಬಾಟಲಿ ಮುಚ್ಚಳ, ಸತ್ತ ಹೇಸರಗತ್ತೆಯ ಲಾಳ, ಇವನ್ನೆಲ್ಲ ಭಕ್ತಿಯಿಂದ ಹುಡುಕಿಕೊಟ್ಟವು. ಸರಪಳಿ ಬೀಸುವ ದೊಡ್ಡ ಯಂತ್ರ ಬಂತು, ಬೆಟ್ಟ ಹತ್ತಲಿಲ್ಲ. ನಾನು ಬಿಡುವ ಹೊತ್ತಿಗೆ ಡ್ರೋನ್ ಬಂದಿತ್ತು. ಈಗಲೂ ಕಡೆಯ ಮಾತು ಆ ಕಡ್ಡಿಯದೇ.

ನಮ್ಮ ಪ್ಲಟೂನಿನ ಹಿರಿಯರು ಸುಬೇದಾರ್ ಮುರುಗೇಸನ್ ಸಾಹೇಬರು. ವೇಲೂರು ಕಡೆಯವರು, ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದು ಕನ್ನಡ ಕಲಿತವರು. ಮೊದಲನೇ ವಾರವೇ ನಾನು ಅವರ ನಡಿಗೆ, ಕೆಮ್ಮು, ತಮಿಳು ಹಿಂದಿ ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಾಗ ಹಿಂದೆಯೇ ನಿಂತಿದ್ದರು. ಬೈಯಲಿಲ್ಲ. "ನಡಿಗೆ ಚೆನ್ನಾಗಿ ಮಾಡ್ದೆ. ಬಾ, ಅದೇ ನಡಿಗೆ ಲೇನ್ ಒಳಗೆ ಮಾಡು" ಎಂದು ಕರೆದುಕೊಂಡು ಹೋದರು.

ಲೇನ್ ಆಗಷ್ಟೇ ತೆರೆದಿತ್ತು. ತೆರೆದವನು "ಸಾಫ್ ಹೈ ಸಾಬ್" ಎಂದ. ಎಂದವನು ಎದ್ದು ನಿಂತು, ಬಿಳಿ ಪಟ್ಟಿಗಳ ನಡುವೆ ಆ ತುದಿಯವರೆಗೆ ನಡೆದು ವಾಪಸ್ ಬಂದ. ಅವನ ಹಿಂದೆ, ಅವನ ಕೆಲಸ ತಪಾಸಣೆ ಮಾಡಿದ ಸುಬೇದಾರ್ ಸಾಹೇಬರು ನಡೆದರು. ಆಮೇಲೆ ಉಳಿದವರು. ನಮ್ಮ ಪ್ಲಟೂನಿನ ಕಾನೂನು ಅದು. ಯಾವ ಪುಸ್ತಕದಲ್ಲಿತ್ತೋ ನಾನು ನೋಡಿಲ್ಲ. ಸಾಹೇಬರು ನನಗೆ ಹೇಳಿದ್ದು ಇಷ್ಟು: "ಬಾಯಿ ಸಾಫ್ ಅಂದ್ರೆ ಸಾಲ್ದು ಪಾ. ಬೂಟು ಸಾಫ್ ಅನ್ಬೇಕು."

ಅವರಿಗೆ ಮೂವರು ಹೆಣ್ಣುಮಕ್ಕಳು. ಒಮ್ಮೆ ಅತಿಬುದ್ಧಿವಂತನಂತೆ ಕೇಳಿದೆ: "ನಿಮಗೇನಾದ್ರೂ ಆದ್ರೆ ಪ್ಲಟೂನ್ ನಡ್ಸೋರು ಯಾರು ಸಾಬ್?"

"ಇನ್ನೊಬ್ಬ ಸುಬೇದಾರ್ ಬರ್ತಾನೆ. ಅಂಗಡೀಲಿ ಖಾಲಿಯಾಗೋ ಸಾಮಾನಾ ನಾನು?" ಎಂದು ನಕ್ಕರು. ಆಮೇಲೆ, "ನನ್ ಕಾಲೇ ಹೋಗತ್ತೆ ಅಂದ್ರೆ ನಾನು ಸರಿಯಾಗಿ ನೋಡ್ತೀನಿ. ನಿನ್ ಕಾಲು ಅಂದ್ರೆ ಅಷ್ಟು ಸರಿಯಾಗಿ ನೋಡ್ತೀನಾ, ನನಗೇ ಡೌಟು. ಅದಕ್ಕೇ ಈ ರೂಲು."

ತಮ್ಮ ಬಗ್ಗೆಯೇ ಡೌಟು ಇಟ್ಟುಕೊಂಡ ದೊಡ್ಡ ಮನುಷ್ಯರನ್ನು ನಾನು ನೋಡಿದ್ದು ಅವರೊಬ್ಬರನ್ನೇ.

ಚಂದ್ರು ಸಿಕ್ಕಿದ್ದು ಅಲ್ಲೇ. ಸೊರಬದ ಗುಡಿಗಾರರ ಮನೆಯವನು. ಗಂಧದಲ್ಲಿ, ಶಿವನಿ ಮರದಲ್ಲಿ ದೇವರ ಮೂರ್ತಿ ಕೆತ್ತುವ ಮನೆತನ. ಅಕ್ಕಪಕ್ಕದ ತಾಲ್ಲೂಕಿನವರು ನಾವಿಬ್ಬರೂ ಭೇಟಿಯಾಗಲು ದೇಶದ ಆ ತುದಿಗೆ ಹೋಗಬೇಕಾಯಿತು. ಅವನ "ಎಂತದಾ ಮಾರಾಯ"ವನ್ನು ನಾನು ಅಣಕಿಸುವುದು, ನನ್ನ "ಏನಲೇ"ಯನ್ನು ಅವನು "ಬಯಲುಸೀಮೆ ಎಮ್ಮೆ ಕೂಗ್ತು" ಎನ್ನುವುದು, ಹೀಗೆ ಶುರುವಾದದ್ದು. ಆದರೆ ಕಡ್ಡಿ ಹಿಡಿದರೆ ಅವನ ಮುಂದೆ ಯಾರೂ ಇಲ್ಲ. ಉಳಿ ಹಿಡಿದ ಕೈ. ಕಡ್ಡಿಯ ತುದಿಗೆ ತಾಗಿದ್ದು ಕಲ್ಲೋ ಬೇರೋ ಡಬ್ಬಿಯೋ ಎಂಬುದನ್ನು ಅಂಗೈಯಲ್ಲೇ ಹೇಳುತ್ತಿದ್ದ. "ಗಂಧದ ತುಂಡಲ್ಲಿ ಮೂಗು ತೆಗೀವಾಗ ಕೈ ಜಾರಿದ್ರೆ ಮೂರ್ತಿ ಹೋತು. ಇಲ್ಲಿ ಜಾರಿದ್ರೆ ನಮ್ಮದೇ ಮೂಗು. ಅಷ್ಟೇ ಫರಕು" ಎನ್ನುತ್ತಿದ್ದ.

ಒಮ್ಮೆ ದೊಡ್ಡವರೊಬ್ಬರು ಗಡಿ ನೋಡಲು ಬಂದರು. ಹೆಸರು ಬೇಡ, ಪಕ್ಷವೂ ಬೇಡ. ಆ ದನಿ ಎಲ್ಲ ಪಕ್ಷಗಳಲ್ಲೂ ಸಿಗುತ್ತದೆ, ಮಿಮಿಕ್ರಿ ಮಾಡುವವನಿಗೆ ಇದು ಚೆನ್ನಾಗಿ ಗೊತ್ತು. ಅವರಿಗೆ ಮೈನ್ ತೆಗೆಯುವ ಫೋಟೋ ಬೇಕಿತ್ತು. ವಾಲಿಬಾಲ್ ಆಡುತ್ತಿದ್ದ ಜಾಗದಲ್ಲಿ ಬಿಳಿ ಪಟ್ಟಿ ಎಳೆದು, ಖಾಲಿ ಡಬ್ಬಿ ಎರಡು ಹೂತು, ಅವರು ಮಲಗುವಲ್ಲಿ ಜಮಖಾನ ಹಾಸಿದೆವು. ಕಡ್ಡಿಯನ್ನು ನೆಟ್ಟಗೆ, ಕಬ್ಬಿನ ಗದ್ದೆಗೆ ಗೂಟ ಹೊಡೆಯುವಂತೆ ಹೊಡೆದರು. ನಿಜವಾದ ಡಬ್ಬಿಯಾಗಿದ್ದರೆ ಆ ಫೋಟೋ ತೆಗೆಯುವವನೂ ಇರುತ್ತಿರಲಿಲ್ಲ. ಎದ್ದು ಧೂಳು ಕೊಡವಿ, "ಹೆದರಬೇಡಿ ಜವಾನರೇ, ಇಡೀ ದೇಶ ನಿಮ್ಮ ಹಿಂದೆ ಇದೆ" ಎಂದರು.

ಚಂದ್ರು ನನ್ನ ಕಿವಿಯಲ್ಲಿ, "ಹಿಂದೆ ಇರೋದೇ ತೊಂದ್ರೆ ಮಾರಾಯ" ಎಂದ. ನಾನು ಸೆಲ್ಯೂಟ್ ಹೊಡೆಯುತ್ತಲೇ ನಕ್ಕುಬಿಟ್ಟೆ. ಮೂರು ದಿನ ಈರುಳ್ಳಿ ಸುಲಿಯುವ ಶಿಕ್ಷೆಯಾಯಿತು.

ಇಲ್ಲಿಯವರೆಗೆ ನಗಿಸಿದೆ. ಇನ್ನು ಮುಂದಿನದು ನನ್ನ ಕಥೆ.

ಹೊಸದಾಗಿ ಒಬ್ಬ ಕ್ಯಾಪ್ಟನ್ ಸಾಹೇಬರು ಬಂದಿದ್ದರು. ಒಳ್ಳೆಯ ಮನುಷ್ಯ, ಸ್ವಲ್ಪ ಆತುರ. ಮೂಗಿನಲ್ಲಿ ಮಾತು, ಪ್ರತಿ ವಾಕ್ಯದ ಕೊನೆಗೆ "ಠೀಕ್?" ಎರಡೇ ದಿನದಲ್ಲಿ ಆ ದನಿ ನನ್ನ ಗಂಟಲಿಗೆ ಇಳಿಯಿತು. ವೈರ್‌ಲೆಸ್ ಸೆಟ್ಟಿನ ಹತ್ತಿರ ಕೂರುವ ದಿನ ನಾನು ಕ್ಯಾಪ್ಟನ್ ದನಿಯಲ್ಲಿ ಚಂದ್ರುವಿಗೆ ಏನಾದರೊಂದು ಹುಚ್ಚು ಹುಕುಂ ಕೊಡುವುದು, ಅವನು "ಮುಚ್ಚಾ ಬಾಯಿ, ಈಸೂರು ಎಮ್ಮೆ" ಎನ್ನುವುದು ದಿನದ ಆಟವಾಗಿತ್ತು.

ಅಂದು ಬೆಳಗಿನ ಹತ್ತು ಗಂಟೆ ಇರಬಹುದು. ಒಳ್ಳೆಯ ಬಿಸಿಲು. ಇಳಿಜಾರಿನಲ್ಲಿ ಚಂದ್ರು ತನ್ನ ಲೇನ್ ಮುಗಿಸಿ ಕೆಳಗಿನ ತುದಿಯಲ್ಲಿದ್ದ. ನಾನು ಮೇಲೆ ತಾಡಪಾಲಿನ ನೆರಳಲ್ಲಿ, ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಸೆಟ್ಟು. ಅವನ ಲೇನಿನ ಎಡಗಡೆ ಇನ್ನೂ ಯಾರೂ ಮುಟ್ಟದ ನೆಲ. ಅದು ಎಲ್ಲರಿಗೂ ಗೊತ್ತು. ಗೊತ್ತಿದ್ದರಿಂದಲೇ ಅದು ನನಗೆ ತಮಾಷೆ. ಕ್ಯಾಪ್ಟನ್ ದನಿ ತೆಗೆದೆ: "ಎಡಗಡೆ ಸಾಫ್ ಆಗಿದೆ. ಅದರಲ್ಲೇ ಮೇಲೆ ಬಾ. ಜಲ್ದಿ. ಠೀಕ್?"

ಬೈಗುಳಕ್ಕೆ ಕಾದೆ. "ಠೀಕ್ ಹೈ ಸಾಬ್" ಎಂಬ ಉತ್ತರ ಬಂತು.

ಅವನೂ ನಾಟಕ ಮಾಡುತ್ತಿದ್ದಾನೆ ಎಂದುಕೊಂಡೆ. ನಿಜ ಆಮೇಲೆ ಗೊತ್ತಾಯಿತು: ಅಂದು ಬೆಳಿಗ್ಗೆ ಕ್ಯಾಪ್ಟನ್ ಸಾಹೇಬರು ಇನ್ನೊಂದು ತಂಡದ ಜೊತೆ ಎಡಗಡೆಗೆ ಹೋದದ್ದನ್ನು ಅವನು ನೋಡಿದ್ದ. ಅವರು ಕೆಲಸ ಹಿಡಿಯದೆ ಬರೀ ನೋಡಿಕೊಂಡು ವಾಪಸಾದದ್ದನ್ನು ನೋಡಿರಲಿಲ್ಲ. ನಾನು ಚಹಾ ಗುಟುಕರಿಸಿ ತಲೆಯೆತ್ತುವಾಗ ಬಿಳಿ ಪಟ್ಟಿ ದಾಟಿ ನಾಲ್ಕು ಮಾರು ಬಂದಿದ್ದ. ಸೆಟ್ಟಿನಲ್ಲಿ ನನ್ನ ಸ್ವಂತ ದನಿಯಲ್ಲಿ ಅರಚಿದೆ: "ಚಂದ್ರು, ನಿಲ್ಲಲೇ! ನಾನು ಹೇಳಿದ್ದು, ನಾನು!"

ಅವನು ನಕ್ಕು ಕೈ ಬೀಸಿದ. ನನ್ನ ಸ್ವಂತ ದನಿಯನ್ನು ಅವನು ಯಾವತ್ತೂ ನಂಬಿದವನಲ್ಲ.

ಸದ್ದು ಅಷ್ಟೇನೂ ದೊಡ್ಡದಲ್ಲ. ಎಡಗಾಲು, ಮೀನಖಂಡದ ಕೆಳಗೆ.

ಸುಬೇದಾರ್ ಸಾಹೇಬರು ಕಡ್ಡಿ ಹಿಡಿದು ಓಡಿ ಬಂದರು. ಸೆಟ್ಟಿನಲ್ಲಿ ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಕಡ್ಡಿ ಕಿತ್ತುಕೊಂಡು "ನಾನೇ ಹೋಗ್ತೀನಿ ಸಾಬ್" ಎಂದೆ. ಲೇನಿನಿಂದ ಹೊರಗೆ ಆ ನಾಲ್ಕು ಮಾರನ್ನು ಹೊಟ್ಟೆ ಮೇಲೆ, ಎರಡು ಬೆರಳಿಗೊಮ್ಮೆ ಚುಚ್ಚುತ್ತಾ ಹೋದೆ. ದಾರಿಯಲ್ಲಿ ಎರಡು ಡಬ್ಬಿ ಸಿಕ್ಕವು. ಗುರುತು ನೆಟ್ಟು ಪಕ್ಕಕ್ಕೆ ಸುತ್ತಿಕೊಂಡೆ. ಅವನು ಕಾಲಿಟ್ಟ ಗುರುತುಗಳು ಆ ಎರಡರ ನಡುವೆಯೇ ಹಾದುಹೋಗಿದ್ದವು. ಹತ್ತಿರ ಹೋಗುವಷ್ಟರಲ್ಲಿ ಅವನು ತಾನೇ ತೊಡೆಗೆ ಪಟ್ಟಿ ಬಿಗಿದುಕೊಂಡು, ಬಿಳುಚಿಕೊಂಡು ಮಲಗಿದ್ದ.

"ನೀನನಾ?" ಎಂದ.

"ಹೂಂ."

"ಥೂ."

ಆಮೇಲೆ, "ಯಾರ ಹತ್ರನೂ ಹೇಳ್ಬೇಡ. ಹೇಳಿದ್ರೆ ನಿನ್ನ ಈಗ್ಲೇ ಒಳಗೆ ಹಾಕ್ತಾರೆ. ನನ್ನ ಹೊತ್ಕಂಡ್ ಹೋಗದು ಯಾರು?" ಎಂದ. ಹೊತ್ತುಕೊಂಡು ಬಂದೆ.

ವಿಚಾರಣೆಯಲ್ಲಿ ಚಂದ್ರು ಆಸ್ಪತ್ರೆಯ ಹಾಸಿಗೆಯಿಂದ, "ಬೇಗ ಹೋಗಾಣ ಅಂತ ನಾನೇ ಅಡ್ಡದಾರಿ ಹಿಡಿದೆ" ಎಂದು ಹೇಳಿಕೆ ಕೊಟ್ಟ. "ಯಾರಾದರೂ ಹುಕುಂ ಕೊಟ್ಟಿದ್ದರೇ?" ಎಂದು ನನ್ನನ್ನು ಕೇಳಿದರು. "ಇಲ್ಲ ಸಾಬ್" ಎಂದೆ. ಎರಡೇ ಪದ. ಕಾಗದದಲ್ಲಿ ಅವನು ಬೇಜವಾಬ್ದಾರಿಯಿಂದ ಕಾಲು ಕಳೆದುಕೊಂಡವನಾದ. ನಾನು ಪ್ರಾಣದ ಹಂಗು ತೊರೆದು ಗೆಳೆಯನನ್ನು ಉಳಿಸಿದವನಾದೆ. ನನಗೆ ಪ್ರಶಂಸಾಪತ್ರ ಬಂತು. ಈಸೂರಿನಲ್ಲಿ ಅವ್ವ ಅದಕ್ಕೆ ಫ್ರೇಮು ಹಾಕಿಸಿದಳು.

ಸೊರಬದಲ್ಲಿ ಏನಾಯಿತೆಂದು ಕೇಳಿ. ಚಂದ್ರುವಿನ ಅಪ್ಪಯ್ಯ, ಇಡೀ ಪೇಟೆ ಹೆಸರು ಹೇಳುವ ಕೆತ್ತನೆಗಾರ, ಮಗ ವಾಪಸ್ ಬಂದಾಗ ಅತ್ತರು, ಉಣಿಸಿದರು, ಹೆಗಲು ಕೊಟ್ಟು ನಡೆಸಿದರು. ಆದರೆ ಕೆಲಸದ ಕೋಣೆಯಲ್ಲಿ ಅವನಿಗೆ ಮೂರ್ತಿಯ ಮುಖ ಕೊಡಲಿಲ್ಲ. ಪೀಠ, ಪ್ರಭಾವಳಿಯ ಬಳ್ಳಿ, ಹಿಂಬದಿ, ಇಷ್ಟೇ. ಗುಡಿಗಾರರಲ್ಲಿ ಮುಖ ಕೆತ್ತುವುದು ನಂಬಿಕೆಯ ಕೈಗೆ ಬಿಟ್ಟ ಕೆಲಸ. "ನೋಡ್ಕ್ಯಂಡು ಕಾಲಿಡಕ್ಕೆ ಬರದವ್ನ ಕೈಗೆ ಕಣ್ಣು ಬರೆಯಾಕೆ ಕೊಡ್ಲಾ?" ಎಂದಿದ್ದರಂತೆ. ಒಂದೇ ಸಲ ಎಂದದ್ದು. ಚಂದ್ರು ಒಂಬತ್ತು ವರ್ಷದಿಂದ ಬಳ್ಳಿ ಕೆತ್ತುತ್ತಿದ್ದಾನೆ. ಸೇನೆಯ ಕೃತಕ ಕಾಲಿನ ಪಾದ ಬನ್ನಿನ ಹಾಗಿದೆ ಎಂದು ಶಿವನಿ ಮರದಲ್ಲಿ ಐದು ಬೆರಳು ಕೆತ್ತಿ ಅಂಟಿಸಿಕೊಂಡಿದ್ದಾನೆ, ಉಗುರು ಸಮೇತ. ನೋಡಿದವರು ನಗುತ್ತಾರೆ. ಆ ಉಗುರಿನ ಕೆಲಸ ನೋಡಿದ ಮೇಲೆ ನನಗೆ ನಗು ಬರಲಿಲ್ಲ.

ನಾನು ರಜೆಗೆ ಬಂದಾಗಲೆಲ್ಲ ಸೊರಬಕ್ಕೆ ಹೋಗಿ ಅವರ ಮನೆಯಲ್ಲಿ ಉಂಡಿದ್ದೇನೆ. ಮಗನನ್ನು ಉಳಿಸಿದವನೆಂದು ಅಪ್ಪಯ್ಯ ತಾವೇ ನೀರು ಕೊಟ್ಟು ಕೂರಿಸುತ್ತಿದ್ದರು. ಆ ನೀರನ್ನೂ ಕುಡಿದಿದ್ದೇನೆ. ಹೇಳಿಬಿಡಲೇ ಎಂದರೆ ಚಂದ್ರು, "ಹೇಳಿದ್ರೆ ಕಾಲು ಬರ್ತದನಾ? ಸುಮ್ನಿರು" ಎನ್ನುತ್ತಿದ್ದ. ನನಗೆ ಬೇಕಾದ ಉತ್ತರವೂ ಅದೇ ಆಗಿತ್ತು.

ಹೀಗಿರುವಾಗ ಈಚೆಗೆ ಮತ್ತೆ ಯುದ್ಧದ ಮಾತು ಎದ್ದಿತು. ಶಿಕಾರಿಪುರದಲ್ಲಿ ಮಾಜಿ ಸೈನಿಕರಿಗೆ ಸನ್ಮಾನವೆಂದು ಒಂದು ಸಭೆ. ಮಾಡಿಸಿದವನು ಅಲ್ಲಿನ ಪುಢಾರಿ ರುದ್ರಣ್ಣ, ಬೆಳಿಗ್ಗೆ ಮಕ್ಕಳನ್ನು ಓಡಿಸಲು ನನಗೆ ಮೈದಾನ ಕೊಡಿಸಿದವನೂ ಅವನೇ. ಮುಖ್ಯ ಭಾಷಣಕ್ಕೆ ಹೊರ ಜಿಲ್ಲೆಯಿಂದ ಒಬ್ಬ ನಾಯಕರು ಬಂದಿದ್ದರು. "ಮೊದ್ಲು ಒಂದು ಹತ್ತು ನಿಮಿಷ ಮಿಮಿಕ್ರಿ ಮಾಡಿ ಜನಾನ ಬೆಚ್ಚಗೆ ಮಾಡು, ಆಮೇಲೆ ಅವರು ಮಾತಾಡ್ತಾರೆ, ಆಮೇಲೆ ನಿಂಗೆ ಶಾಲು" ಎಂದು ರುದ್ರಣ್ಣ ಹೇಳಿದ. ಚಂದ್ರುವೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ.

ನಾಯಕರು ಕಾಯಲು ಒಪ್ಪದೆ ಮೊದಲು ತಾವೇ ಮಾತಾಡಿದರು. ಅರ್ಧ ಗಂಟೆ. ಅಧಿಕಾರ ತಮ್ಮ ಕೈಗೆ ಬಂದ ದಿನವೇ ಯುದ್ಧ, ಮಾತುಕತೆ ಹೇಡಿಗಳ ಕೆಲಸ, ನಮ್ಮ ಹುಡುಗರು ಸಾಯಲು ಸಿದ್ಧರಿದ್ದಾರೆ ಎಂದರು. 'ನಮ್ಮ ಹುಡುಗರು' ಎನ್ನುವಾಗ ಕೈ ನಮ್ಮ ಕಡೆ ಚಾಚಿತ್ತು. ಅವರ ಸ್ವಂತ ಮಗ ವೇದಿಕೆಯ ಪಕ್ಕದಲ್ಲೇ ಕಾರಿನ ಏಸಿಯಲ್ಲಿದ್ದ. ಆಮೇಲೆ ನನ್ನ ಕೈಗೆ ಮೈಕ್ ಕೊಟ್ಟರು.

ಕಂಡಕ್ಟರ್, ಸಂತೆಯ ದಲ್ಲಾಳಿ, ತೊಗರ್ಸಿಯ ಕಡೆಯ ಜಗಳಗಂಟಿ ಅತ್ತೆ, ಎಲ್ಲ ಮಾಡಿದೆ. ಕೊನೆಗೆ ನಾಯಕರದೇ ದನಿ ತೆಗೆದೆ. ಅರ್ಧ ಗಂಟೆ ಕೇಳಿದ್ದೆನಲ್ಲ, ಅಷ್ಟು ಸಾಕು. "ಬಂಧುಗಳೇ! ಯುದ್ಧ ಬೇಕು ಎಂದವನು ನಾನು. ಆದ್ದರಿಂದ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಗಡಿಗೆ ಹೊರಡುತ್ತೇನೆ! ನನ್ನ ಮಗನೂ ಬರುತ್ತಾನೆ! ಕಾರಿನಿಂದ ಇಳಿಯಪ್ಪಾ!"

ಅವರ ಅರ್ಧ ಗಂಟೆಗೆ ಬೀಳದ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಶಿಳ್ಳೆ. ನಾಯಕರು ಜನರ ಮುಂದೆ ನಗಲೇಬೇಕಾಗಿ ನಕ್ಕು, ಇನ್ನೊಂದು ಮೈಕ್ ತೆಗೆದುಕೊಂಡರು.

"ತಮಾಷೆ ಚೆನ್ನಾಗಿತ್ತಪ್ಪಾ. ಆದ್ರೆ ನಾವೆಲ್ಲ ಗಡಿಗೆ ಹೋಗಿ ಸತ್ರೆ ದೇಶ ನಡ್ಸೋರು ಯಾರು?"

"ಇನ್ನೊಬ್ರು ಬರ್ತಾರ್ರೀ" ಎಂದೆ. "ನಮ್ಮಲ್ಲಿ ಸುಬೇದಾರ್ ಹೋದ್ರೆ ಇನ್ನೊಬ್ಬ ಬರ್ತಾನೆ. ನಿಮ್ಮಲ್ಲಂತೂ ಟಿಕೆಟ್ಟಿಗೆ ಕ್ಯೂ ಐತಿ."

ಅವರ ನಗು ನಿಂತಿತು. "ಗೆಳೆಯನಿಗಾಗಿ ಪ್ರಾಣ ಒತ್ತೆಯಿಟ್ಟ ವೀರ ಅಂತ ನಿನಗೆ ಶಾಲು ಹೊದಿಸೋಕೆ ಬಂದ್ವಿ. ವೀರನ ಬಾಯಲ್ಲಿ ಹೇಡಿ ಮಾತಾ?"

ಪ್ರಶಂಸಾಪತ್ರದ ಪ್ರತಿ ಅವರ ಕೈಯಲ್ಲಿತ್ತು. ಎತ್ತಿ ಜನರಿಗೆ ತೋರಿಸುತ್ತಿದ್ದರು. ನಾನು ಚಂದ್ರುವನ್ನು ನೋಡಿದೆ. ಬೇಡ ಎಂದು ತಲೆಯಾಡಿಸುತ್ತಿದ್ದ. ನನಗೆ ಆ ಕ್ಷಣ ಒಂದು ವಿಷಯ ಸ್ಪಷ್ಟವಾಯಿತು. ನೆರಳಲ್ಲಿ ಕೂತು, ಚಹಾ ಕುಡಿಯುತ್ತಾ, ನೋಡದ ನೆಲವನ್ನು ಸಾಫ್ ಎಂದು ಇನ್ನೊಬ್ಬನನ್ನು ನಡೆಸಿದವನು ಈ ವೇದಿಕೆಯಲ್ಲಿ ಒಬ್ಬನಲ್ಲ, ಇಬ್ಬರಿದ್ದೇವೆ. ನಾನು ಬಾಯಿ ಮುಚ್ಚಿಕೊಂಡು ಅವರನ್ನು ಮಾತ್ರ ಬೈದರೆ ಅದೂ ಒಂದು ಮಿಮಿಕ್ರಿಯೇ.

ಹೇಳಿದೆ. ಚಹಾ, ಸೆಟ್ಟು, ಕ್ಯಾಪ್ಟನ್ ದನಿ, "ಇಲ್ಲ ಸಾಬ್", ಎಲ್ಲ. ಮೈಕಿನವನು ನನ್ನ ಸೋದರಮಾವನ ಮಗ. ಇಲ್ಲದಿದ್ದರೆ ನಡುವೆಯೇ ಆಫ್ ಆಗುತ್ತಿತ್ತು. "ಚಂದ್ರು ಕಾಲು ಅವನ ತಪ್ಪಿಂದ ಹೋಗಿಲ್ಲ, ನನ್ನ ಬಾಯಿಂದ ಹೋಯ್ತು. ನಾಲ್ಕು ಮಾರು ತೆವಳಿದ್ದು ಶೌರ್ಯ ಅಲ್ಲ, ನಾನು ಮೊದಲೇ ನಡೀಬೇಕಿದ್ದ ದಾರಿ. ನನಗೆ ಶಾಲು ಬೇಡ. ಆದ್ರೆ ಸ್ವಾಮಿ, ನಾನು ತಡವಾಗಾದ್ರೂ ನಡ್ದೆ. ನೀವು ಯಾವಾಗ?"

ಚಪ್ಪಾಳೆ ಬೀಳಲಿಲ್ಲ. ಒಬ್ಬ ಮುದುಕ "ಥತ್" ಎಂದದ್ದು ಕೇಳಿಸಿತು. ಅದು ನನಗೋ ಅವರಿಗೋ ಗೊತ್ತಿಲ್ಲ. ಚಂದ್ರು ಎದ್ದು ಹೊರಗೆ ನಡೆದ.

ಈ ಕೆಲಸಕ್ಕೆ ಸೇರುವ ನಿಮಗೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂದಿನಿಂದ ಊರಲ್ಲಿ ನನ್ನ ಮಾತನ್ನು ತಿರುಚಿ ಆಡುತ್ತಿದ್ದಾರೆ. ಶತ್ರು ಬಾಗಿಲಿಗೆ ಬಂದರೆ ಹೋಗಬೇಕು; ಕರೆದರೆ ಈ ವಯಸ್ಸಿನಲ್ಲೂ ಹೋಗುತ್ತೇನೆ. ನಾಯಕರು ಬಂದೂಕು ಹಿಡಿಯಲಿ ಎಂದೂ ನಾನು ಕೇಳುತ್ತಿಲ್ಲ. ಕಡ್ಡಿಯನ್ನು ನೆಟ್ಟಗೆ ಹೊಡೆಯುವವರನ್ನು ಲೇನಿಗೆ ಬಿಟ್ಟರೆ ನಮಗೇ ಅಪಾಯ. ಆದರೆ ತಾವೇ ಒಂದು ಯುದ್ಧ ಶುರುಮಾಡುವವರು, ಅದು ಮುಗಿಯುವವರೆಗೆ ಗಡಿಯ ಕೊನೆಯ ಹಳ್ಳಿಯಲ್ಲಿ ಮನೆ ಮಾಡಲಿ. ಹೆಂಡತಿ ಮಕ್ಕಳ ಸಮೇತ. ಶೆಲ್ ಬಿದ್ದಾಗ ಅಲ್ಲಿನ ಜನ ದನಗಳನ್ನು ಬಿಚ್ಚಿ ಓಡುತ್ತಾರೆ, ಅವರ ಜೊತೆ ಓಡಲಿ. ದೇಶವನ್ನು ಅಲ್ಲಿಂದಲೇ ನಡೆಸಲಿ. ಈಗ ಫೋನಿನಲ್ಲೇ ಎಲ್ಲ ನಡೆಯುತ್ತದಲ್ಲ. ಅಷ್ಟು ಮಾಡಿಯೂ ಯುದ್ಧ ಬೇಕೇ ಬೇಕು ಎಂದರೆ, ಆ ಮಾತನ್ನು ನಾನು ನಂಬುತ್ತೇನೆ. ಬ್ರಿಟಿಷರ ವಿರುದ್ಧ ಎದ್ದು ಗಲ್ಲಿಗೇರಿದವರಿಗೆ ನಮ್ಮ ಈಸೂರಿನಲ್ಲಿ ಕಟ್ಟಿದ ಸ್ಮಾರಕದಲ್ಲಿರುವ ಹೆಸರುಗಳನ್ನು ಓದಿ ನೋಡಿ. ನಲವತ್ತೆರಡರಲ್ಲಿ "ನೀವು ಮುಂದೆ ಹೋಗಿ, ನಾವು ಹಿಂದೆ ಇದ್ದೇವೆ" ಎಂದವರ ಹೆಸರು ಒಂದೂ ಅದರಲ್ಲಿಲ್ಲ.

ಸಭೆಯ ಮಾರನೇ ದಿನ ರುದ್ರಣ್ಣನ ಫೋನು. "ಸೋಮವಾರದೊಳಗೆ ಕ್ಷಮೆ ಕೇಳು ಹಾಲೇಶಾ. ವೀಡಿಯೋ ಮಾಡಿ ಕಳ್ಸು, ಸಾಕು. ಇಲ್ಲಾಂದ್ರೆ ಮೈದಾನಕ್ಕೆ ಬರಬ್ಯಾಡ. ನನ್ನ ಪರಿಸ್ಥಿತೀನೂ ನೋಡಪ." ಅವನ ಪರಿಸ್ಥಿತಿಯನ್ನು ನೋಡಿದೆ, ಪಾಪ ಎನಿಸಿತು. ಫೋನಿಟ್ಟೆ.

ಭಾನುವಾರ ಸೊರಬದ ಬಸ್ಸು ಹತ್ತಿದೆ. ಸಭೆಯ ವೀಡಿಯೋ ನನಗಿಂತ ಮೊದಲೇ ಸೊರಬ ತಲುಪಿತ್ತು. ಅಪ್ಪಯ್ಯ ಕೆಲಸದ ಕೋಣೆಯಲ್ಲಿದ್ದರು. ಚಂದ್ರು ಮೂಲೆಯಲ್ಲಿ ಪ್ರಭಾವಳಿಗೆ ಬಳ್ಳಿ ತೆಗೆಯುತ್ತಿದ್ದ. ತಲೆಯೆತ್ತಲಿಲ್ಲ. ಅಪ್ಪಯ್ಯ ನೀರು ಕೊಡಲಿಲ್ಲ, ಕೂರು ಎನ್ನಲಿಲ್ಲ.

"ಶಿಕಾರಿಪುರದಾಗೆ ಮೈಕ್ ಹಿಡ್ಕಂಡು ಹೇಳಿದ್ಯಂತೆ," ಎಂದರು. "ಇಲ್ಲಿ ಮೈಕ್ ಇಲ್ಲ. ಹೇಳು."

ನಿಂತೇ ಹೇಳಿದೆ. ಮೊದಲ ಸಲದಂತೆ ಸರಾಗವಾಗಿ ಬರಲಿಲ್ಲ. "ತಪ್ಪಾಯ್ತು ಅಪ್ಪಯ್ಯ. ಅವನ ಕಾಲಿಂದೊಂದೇ ಅಲ್ಲ. ಒಂಬತ್ತು ವರ್ಷ ನೀವು ಅವನನ್ನ ತಪ್ಪು ತಿಳ್ಕೊಳ್ಳೋ ಹಾಗೆ ಬಿಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು" ಎಂದೆ.

ಅವರು ಉಳಿಯನ್ನು ಕೆಳಗಿಟ್ಟರು. "ಆ ಸಾಹೇಬರ ದನಿ ಹ್ಯಾಂಗಿತ್ತು? ಮಾಡಿ ತೋರ್ಸು."

"ಅಪ್ಪಯ್ಯಾ, ಎಂತಕ್ಕೆ ಈಗ" ಎಂದ ಚಂದ್ರು.

"ನೀ ಸುಮ್ನಿರು. ಮಾಡು ಅಂದೆ."

ಅವನ ಕಾಲು ಹೋದ ದಿನದಿಂದ ಆ ದನಿಯನ್ನು ನಾನು ತೆಗೆದಿರಲಿಲ್ಲ. ಮರೆತಿರಬಹುದು ಎಂಬ ಆಸೆಯಿತ್ತು. ಗಂಟಲು ಮರೆತಿರಲಿಲ್ಲ. "ಎಡಗಡೆ ಸಾಫ್ ಆಗಿದೆ. ಅದರಲ್ಲೇ ಮೇಲೆ ಬಾ. ಜಲ್ದಿ. ಠೀಕ್?"

ಅಪ್ಪಯ್ಯ ಕಣ್ಣು ಮುಚ್ಚಿ ಕೇಳಿದರು.

"ಈ ದನಿಗೆ ನಾನೂ ಎದ್ದು ಹೋಗ್ತಿದ್ದೆ," ಎಂದರು.

ನನ್ನ ಕಡೆ ನೋಡಲಿಲ್ಲ. ತಾವು ಹಿಡಿದಿದ್ದ ಮೂರ್ತಿಯನ್ನು, ಇನ್ನೂ ಕಣ್ಣು ಮೂಡಿರದ ಮೂರ್ತಿಯನ್ನು, ಎತ್ತಿ ಚಂದ್ರುವಿನ ಮುಂದೆ ಇಟ್ಟರು. "ಬಳ್ಳಿ ನಾ ಮಾಡ್ತೀನಿ. ಮುಖ ನೀ ತಗ" ಎಂದು ಅವನ ಕೈಯಲ್ಲಿದ್ದ ಪ್ರಭಾವಳಿ ತೆಗೆದುಕೊಂಡು ಮೂಲೆಗೆ ಹೋಗಿ ಕೂತರು. ಚಂದ್ರು ಮುಟ್ಟಲಿಲ್ಲ. ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ನಾನು ಹೊರಗೆ ಬಂದೆ. ಉಂಡು ಹೋಗು ಎಂದು ಯಾರೂ ಕರೆಯಲಿಲ್ಲ, ಕರೆಯಬಾರದು ಕೂಡ. ವಿಚಾರಣೆಯ ಕಾಗದ ತಿದ್ದಿ ಎಂದು ನನ್ನ ಹೆಸರು ನಂಬರು ಹಾಕಿ ಬರೆದ ಅರ್ಜಿಯನ್ನು ಸೊರಬದ ಅಂಚೆಗೇ ಹಾಕಬೇಕೆಂದು ತಂದಿದ್ದೆ. ಭಾನುವಾರ ಎಂಬುದು ಆಗ ನೆನಪಾಯಿತು. ಇಂಥ ಬುದ್ಧಿವಂತ ನಾನು. ಮಾರನೇ ಬೆಳಿಗ್ಗೆ ಶಿಕಾರಿಪುರದಲ್ಲಿ ರಿಜಿಸ್ಟರ್ ಮಾಡಿಸಿದೆ. ಅದರ ಪರಿಣಾಮ ಏನು ಬಂದರೂ ಬರಲಿ.

ಅಂಚೆ ಕಚೇರಿಯ ಮೆಟ್ಟಿಲ ಮೇಲಿರುವಾಗಲೇ ರುದ್ರಣ್ಣನ ಫೋನು.

"ಇವತ್ತು ಸೋಮವಾರ ಐತಿ ಹಾಲೇಶಾ. ಕ್ಷಮೆ ಕೇಳ್ತೀಯೋ ಇಲ್ವೋ?"

"ಕೇಳ್ಬಂದೆ ರುದ್ರಣ್ಣ."

"ಯಾವಾಗ? ವೀಡಿಯೋ ಎಲ್ಲೈತಿ?"

"ನಿನ್ನೆ, ಸೊರಬದಾಗೆ. ವೀಡಿಯೋ ಇಲ್ಲ. ನಿಮ್ಮ ನಾಯಕರಿಗೆ ಹೇಳಿದ್ದು ಮಾತ್ರ ಒಂದಕ್ಷರನೂ ವಾಪಸ್ ತಗಳಲ್ಲ. ಮೈದಾನ ನೀನೇ ಇಟ್ಕೋ. ನಾಳೆಯಿಂದ ಮಕ್ಕಳು ಅಂಜನಾಪುರದ ಕೆರೆ ಏರಿ ಮೇಲೆ ಓಡ್ತಾರೆ."